ಹಸಿ ಗೋಡೆಗೆ ಹಸಿರು ಬಣ್ಣ ಬಳಿಸಿದವರಿಗೆ

ಮಾನ್ಯ ಕಟ್ಟಡಗಳ ಇಲಾಖೆಯ ಸಾಹೇಬರೇ,

ನಮ್ಮೂರ ದವಾಖಾನೆಯ ಹೆರಿಗೆ ಕೋಣೆ ಇನ್ನೂ ಹಸಿಯಾಗಿದೆ. ಉತ್ತರಿ ಮಳೆಯಲ್ಲಿ ಹಳ್ಳ ತುಂಬಿ ಬಂದು ನುಗ್ಗಿದ ನೀರು ಗೋಡೆಯೊಳಗೇ ಕೂತಿದೆ. ಅದು ಹೊರಗೆ ಬರದಂತೆ ನೀವು ಹಸಿರು ಆಯಿಲ್ ಪೇಂಟ್ ಬಳಿಸಿ ಗೋಡೆಯ ಬಾಯಿ ಕಟ್ಟಿದ್ದೀರಿ. ಶಿವರಾತ್ರಿಯ ಆಸುಪಾಸಿಗೆ ನನ್ನ ಮಗಳು ಪಕ್ಕೀರವ್ವ ಅದೇ ಕೋಣೆಯಲ್ಲಿ ಹೆರಬೇಕಂತೆ. ನಾನು ಅವಳನ್ನು ಅಲ್ಲಿ ಮಲಗಿಸುವುದಿಲ್ಲ. ಇದನ್ನು ಹೇಳಲು ನಿಮ್ಮ ದಫ್ತರದ ಮೆಟ್ಟಿಲು ಹತ್ತಿದೆ. ಸಾಹೇಬರು ಮೀಟಿಂಗಿನಲ್ಲಿ ಇದ್ದಾರೆ ಎಂದರು. ಮತ್ತೆ ಹೋದೆ, ಮತ್ತೆ ಅದೇ ಮೀಟಿಂಗು. ಅದಕ್ಕೇ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಮೀಟಿಂಗಿನಲ್ಲಿ ಪತ್ರಿಕೆ ಓದುವ ರೂಢಿಯಾದರೂ ಇರುತ್ತದಲ್ಲ.

ನಾನು ಬಸ್ ಕಂಡಕ್ಟರಾಗಿದ್ದವನು. ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ತಾವರಗೇರಾ ಎಂದು ಕೂಗಿ ಕೂಗಿ ಗಂಟಲು ಒಡೆದುಕೊಂಡು ನಿವೃತ್ತನಾಗಿದ್ದೇನೆ. ಆದ್ದರಿಂದ ನನ್ನ ಮಾತು ಸ್ವಲ್ಪ ಜೋರು. ಸಿಟ್ಟು ಬಂದಲ್ಲಿ ಭಾಷೆ ಯಲಬುರ್ಗಾದ ಕಡೆ ಇಳಿದರೆ ಸಂಭಾಳಿಸಿಕೊಳ್ಳಿರಿ. ಊರ ಹೆಸರು ಬರೆದಿಲ್ಲ. ಬೇಕಾದರೆ ಪತ್ತೆ ಹಚ್ಚುತ್ತೀರಿ, ಅಂಥ ಕೆಲಸದಲ್ಲಿ ನಿಮ್ಮ ದಫ್ತರ ಭಾಳ ಚುರುಕು.

ಹಳ್ಳ ಬಂದ ದಿನ ನೀರು ನಿಮ್ಮ ಕಟ್ಟಡಕ್ಕಷ್ಟೇ ಹೋಗಲಿಲ್ಲ, ನನ್ನ ಮನೆಗೂ ಬಂತು. ಜೋಳದ ಚೀಲ, ಹಾಸಿಗೆ, ದೇವರ ಫೋಟೋ ಎಲ್ಲ ತೊಯ್ದವು. ನೀರು ಇಳಿದ ಮೇಲೆ ನಾವೇನು ಮಾಡಿದೆವು? ಮನೆ ಬರಿದು ಮಾಡಿ ದನದ ಕೊಟ್ಟಿಗೆಯಲ್ಲಿ ಬಿಡಾರ ಹೂಡಿದೆವು. ಗೋಡೆಯ ಕೆಳಗಿನ ಗಿಲಾವು ಸೊಂಟದೆತ್ತರ ಕೆತ್ತಿ ಹಾಕಿದೆವು. ನೆಲ ಅಗೆದು ಹಸಿ ಮಣ್ಣು ಹೊರಗೆ ಚೆಲ್ಲಿದೆವು. ಬಾಗಿಲು ಕಿಟಕಿ ಹಗಲೆಲ್ಲ ತೆರೆದಿಟ್ಟು ಈ ಕಡೆಯ ಗಾಳಿ ಆ ಕಡೆ ಹೋಗಲು ಬಿಟ್ಟೆವು. ನನ್ನ ಹೆಂಡತಿ ಮಾರೆವ್ವ ದೀಪಾವಳಿಯ ಲಕ್ಷ್ಮಿಯನ್ನು ಕೊಟ್ಟಿಗೆಯಲ್ಲೇ ಕೂಡ್ರಿಸಿ ಪೂಜೆ ಮಾಡಿದಳು, ಎತ್ತುಗಳು ಆರತಿ ನೋಡಿದವು. ಇದರಲ್ಲಿ ನಮ್ಮ ಜಾಣತನವೇನೂ ಇಲ್ಲ. ಊರೆಲ್ಲ ಹೀಗೇ ಮಾಡಿತು. ಗೋಡೆ ಒಣಗುವುದು ಅದರ ಪುರಸೊತ್ತಿಗೇ ಹೊರತು ನಮ್ಮ ಅವಸರಕ್ಕಲ್ಲ.

ದವಾಖಾನೆಯ ಹೆರಿಗೆ ಕೋಣೆ ಆಗಷ್ಟೇ ಕಟ್ಟಿ ಮುಗಿದಿತ್ತು. ಜಾಗ ಪುಕ್ಕಟೆ ಸಿಕ್ಕಿತೆಂದು ಹಳ್ಳದ ದಂಡೆಗೇ ಕಟ್ಟಿಸಿದ್ದಿರಿ, ಇರಲಿ. ನೀರು ನಿಂತು ಹೋದ ಕೋಣೆಗೆ ಗಾಳಿ ಆಡಲು ಬಿಟ್ಟಿರಾ? ಇಲ್ಲ. ದೀಪಾವಳಿ ಪಾಡ್ಯಕ್ಕೆ ಉದ್ಘಾಟನೆ ಎಂದು ಮೊದಲೇ ನಿಗದಿಯಾಗಿತ್ತು. ತೊಯ್ದ ಗೋಡೆಗೆ ಅವಸರದಲ್ಲಿ ಸಿಮೆಂಟು, ಅದರ ಮೇಲೆ ಹೊಳೆಯುವ ಬಣ್ಣ, ನೆಲದ ಹಸಿ ಮಣ್ಣಿನ ಮೇಲೆ ಫರಸಿ ಕಲ್ಲು. ರಿಬ್ಬನ್ ಕತ್ತರಿಸಿದರು, ಪೇಢೆ ಹಂಚಿದರು, ಫೋಟೋ ತೆಗೆಸಿಕೊಂಡರು. ಮೇಲೆ ಥಳುಕು ಒಳಗೆ ಹುಳುಕು ಎಂಬ ಗಾದೆಗೆ ಸರಕಾರಿ ಖರ್ಚಿನಲ್ಲಿ ಕಟ್ಟಡ ಎದ್ದದ್ದನ್ನು ನಾನು ಅಂದೇ ನೋಡಿದೆ. ನಿಮ್ಮ ಕಿರಿಯ ಎಂಜಿನಿಯರರನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. "ನಮಗೂ ಗೊತ್ತೈತ್ರಿ ಓಬಳೆಪ್ಪ. ಆದ್ರ ಗ್ವಾಡಿ ಒಣಗೂತನಕಾ ತಾರೀಖು ನಿಲ್ಲೂದಿಲ್ರೀ" ಅಂದರು. ಪಾಪ, ಅವರದೂ ಹೊಟ್ಟೆಪಾಡು. ಆದರೆ ಸಾಹೇಬರೇ, ತಾರೀಖು ಯಾರಪ್ಪನ ಮನಿ ಆಸ್ತಿ? ಹಾಕಿದವರು ಮುಂದಕ್ಕೆ ಹಾಕಬಾರದಿತ್ತೇ?

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ನನ್ನ ಸೊಸೆ ಹೊಳಿಯಮ್ಮ ಆ ಕೋಣೆಯಲ್ಲಿ ಹೆತ್ತಳು. ಗಂಡುಕೂಸು. ದವಾಖಾನೆಯಲ್ಲೇ ಹೆರಿಗೆಯಾಗಲಿ ಎಂದು ಗೋಡೆ ಗೋಡೆಗೆ ಬರೆಸಿದವರೂ ನೀವೇ ಅಲ್ಲವೇ, ನಾವು ಮಾತು ಕೇಳಿದೆವು. ನಮ್ಮ ಕಡೆ ಬಾಣಂತಿಗೆ ಗಾಳಿ ತಾಗಬಾರದು, ಮೈ ಬೆಚ್ಚಗಿರಬೇಕು. ಮಾರೆವ್ವ ತನ್ನ ತಾಯಿ ಮಾಡಿದಂತೆಯೇ ಮಾಡಿದಳು. ಕಿಟಕಿ ಮುಚ್ಚಿ ಸಂದಿಗೆ ಅರಿವೆ ತುರುಕಿದಳು. ಒಡೆದ ಗಡಿಗೆಯಲ್ಲಿ ಸಗಣಿ ಕುಳ್ಳಿನ ಕೆಂಡ ತುಂಬಿ ಹೊರಸಿನ ಕೆಳಗಿಟ್ಟಳು. ಲೋಬಾನದ ಹೊಗೆ ಹಾಕಿದಳು. ದವಾಖಾನೆಯ ನರ್ಸ್ ಬಾಯಿಯವರು ಬೇಡವೆಂದರೂ ಕೇಳಲಿಲ್ಲ. ನಮ್ಮ ಮನೆಯ ಒಣ ಕೋಣೆಯಲ್ಲಾಗಿದ್ದರೆ ಅದರಿಂದ ಬಾಣಂತಿಗೆ ಸುಖ ಸಿಗುತ್ತಿತ್ತು. ಇಲ್ಲಿ ಆದದ್ದೇ ಬೇರೆ. ಕೋಣೆ ಕಾದಂತೆ ಗೋಡೆ ಬೆವರತೊಡಗಿತು. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಬಸ್ಸಿನೊಳಗೆ ಗಾಜು ಬೆವರುತ್ತದಲ್ಲ, ಹಾಗೆ. ಹಸಿರು ಬಣ್ಣ ಹಪ್ಪಳದಂತೆ ಉಬ್ಬಿತು, ಒಡೆಯಿತು, ಒಳಗಿನಿಂದ ನೀರು ಸಣ್ಣಗೆ ಇಳಿಯಿತು. ಬೆಳಿಗ್ಗೆ ಕೂಸಿನ ತಲೆಯ ಕುಲಾಯಿ, ದುಪ್ಪಟಿ, ತಾಯಿಯ ಸೀರೆ ಎಲ್ಲ ತಂಪು. ಕೂಸಿಗೆ ಕೆಮ್ಮು ಹತ್ತಿತು, ಎದೆ ಗೊರಗೊರ ಅನ್ನತೊಡಗಿತು, ಹಾಲು ಹಿಡಿಯಲೊಲ್ಲದು. ಕೊಪ್ಪಳಕ್ಕೆ ಹೊತ್ತುಕೊಂಡು ಓಡಿದೆವು. ದೇವರ ದಯೆ, ಉಳಿಯಿತು. ಇಂದಿಗೂ ಚಳಿ ಬಿದ್ದರೆ ಅದರ ಎದೆಗೆ ಕಿವಿಯಿಟ್ಟು ಕೂತುಬಿಡುತ್ತಾಳೆ ಹೊಳಿಯಮ್ಮ. ನನ್ನ ಹೆಂಡತಿ ತಾನೇ ಮೊಮ್ಮಗನನ್ನು ಕೊಲ್ಲುತ್ತಿದ್ದೆನೆಂದು ಹಲುಬುತ್ತಾಳೆ. ನನಗದು ಸಹಿಸಲಾಗುವುದಿಲ್ಲ ಸಾಹೇಬರೇ. ತಪ್ಪು ಮಾಡಿದವರು ನಿದ್ದೆ ಮಾಡುತ್ತಾರೆ, ಕೆಂಡ ಇಟ್ಟವಳು ಅಳುತ್ತಾಳೆ.

ದೂರು ಕೊಟ್ಟಾಗ ನಿಮ್ಮ ದಫ್ತರದಿಂದ ಒಬ್ಬರು ಬಂದು ನೋಡಿದರು. ಅವರ ತೀರ್ಪು ಕೇಳಬೇಕು ನೀವು. ಕಟ್ಟಡದಲ್ಲಿ ದೋಷವಿಲ್ಲ, ಊರ ಮಂದಿ ಬೆಂಕಿ ಹಾಕಿದ್ದರಿಂದ ಉಗಿ ಎದ್ದಿದೆ, ಇನ್ನು ಮುಂದೆ ಕೆಂಡ ಇಡಕೂಡದು, ಬಣ್ಣ ಮತ್ತೊಂದು ಸಲ ಬಳಿಸಲಾಗುವುದು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೆಂಡದಲ್ಲಿ ನೀರು ಇರುತ್ತದೆಯೇ? ಕುಳ್ಳಿನಲ್ಲಿ ಹಳ್ಳ ಹರಿಯುತ್ತದೆಯೇ? ಉಗಿ ಎದ್ದಿತು, ಒಪ್ಪಿದೆ. ಏಳಲು ನೀರು ಎಲ್ಲಿಂದ ಬಂತು? ಅದು ನಿಮ್ಮ ಗೋಡೆಯೊಳಗೆ ನೀವೇ ಜೋಪಾನ ಮಾಡಿಟ್ಟ ನೀರು. ಹೇಳಿದಂತೆ ಮತ್ತೆ ಬಣ್ಣ ಬಳಿಸಿಯೂ ಬಿಟ್ಟರು. ಈಗ ಆ ಕೋಣೆಗೆ ಹೊಕ್ಕರೆ ಹಸಿ ಸುಣ್ಣ, ಬೂಷ್ಟು, ಟರ್ಪೆಂಟೈನು ಮೂರೂ ಕೂಡಿದ ವಾಸನೆ ಮೂಗಿಗೆ ಹೊಡೆಯುತ್ತದೆ.

ಕಟ್ಟಡ ಹೇಗೆ ಒಣಗಿಸಬೇಕೆಂದು ನಿಮಗೆ ತಿಳಿಯದು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನನ್ನ ನಾಲಿಗೆ ಬಿದ್ದೀತು. ನಿಮಗೆ ಚೆನ್ನಾಗಿ ತಿಳಿದಿದೆ. ಇಟಗಿಯ ಗುಡಿ ನೋಡಲು ಬರುವ ದೊಡ್ಡವರು ಇಳಿದುಕೊಳ್ಳಲೆಂದು ನಮ್ಮೂರಲ್ಲಿ ಸರಕಾರಿ ಬಂಗಲೆ ಇದೆಯಲ್ಲ, ಅದಕ್ಕೂ ಅದೇ ದಿನ ಅದೇ ಹಳ್ಳದ ನೀರು ಹೊಕ್ಕಿತ್ತು. ಅಲ್ಲಿ ಏನು ಮಾಡಿಸಿದಿರಿ? ಫರಸಿ ಕಲ್ಲು ಒಂದೊಂದಾಗಿ ಎಬ್ಬಿಸಿ ಬಿಸಿಲಿಗಿಟ್ಟರು. ಹಸಿ ಮಣ್ಣು ತೆಗೆದು ಒಣ ಮರಳು ತುಂಬಿದರು. ಗಿಲಾವು ಕೆತ್ತಿದರು. ಬಾಗಿಲು ಕಿಟಕಿ ತೆರೆದಿಟ್ಟು, ಆಡು ನಾಯಿ ಹೋಗದಂತೆ ವಾಚಮನ್‌ನನ್ನು ಕೋಲು ಕೊಟ್ಟು ಕೂಡ್ರಿಸಿದಿರಿ. ಉದ್ಘಾಟನೆಗೆ ಬಂದವರೂ ಅಲ್ಲಿ ಇಳಿಯಲಿಲ್ಲ, ಕುಷ್ಟಗಿಗೆ ಹೋಗಿ ಮಲಗಿದರು. ಏಕೆ ಎಂದು ವಾಚಮನ್‌ನನ್ನು ಕೇಳಿದೆ. "ಹಸಿ ಕ್ವಾಣ್ಯಾಗ ಮಲಗಿದ್ರ ಸಾಹೇಬ್ರಿಗೆ ನೆಗಡಿ ಆಕ್ಕೈತ್ರಿ" ಅಂದ. ಒಂದೇ ಹಳ್ಳ, ಒಂದೇ ದಫ್ತರ, ಒಂದೇ ಸಹಿ. ಸಾಹೇಬರ ಮೂಗಿಗೊಂದು ಕಾನೂನು, ನಮ್ಮ ಹಸುಗೂಸಿನ ಎದೆಗೊಂದು ಕಾನೂನೇ? ಬಂಗಲೆ ಈಗ ಗರಿಗರಿಯಾಗಿ ಒಣಗಿದೆ, ಸುಣ್ಣ ಹೊಡೆದಿದ್ದಾರೆ, ಮಂಚ ಹಾಸಿಗೆ ಸಜ್ಜಾಗಿವೆ. ಬೀಗ ಹಾಕಿ ಖಾಲಿ ಇಟ್ಟಿದ್ದೀರಿ.

ನನ್ನ ಪಕ್ಕೀರವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಅವಳ ಕಾಲಿಗೆ ಬಾವು ಬಂದಿದೆ. ಮನೆಯಲ್ಲಿ ಹೆರಿಗೆ ಬೇಡ, ನನ್ನ ಕಣ್ಣೆದುರಿಗೇ ಇರಲಿ ಎಂದು ನರ್ಸ್ ಬಾಯಿ ಖಡಾಖಂಡಿತ ಹೇಳಿದ್ದಾರೆ. ಕೊಪ್ಪಳಕ್ಕೆ ಹೋಗಬಾರದೇ ಎನ್ನುತ್ತೀರಾ? ಹಳ್ಳದ ಸೇತುವೆ ಆ ಮಳೆಗೆ ಕೊಚ್ಚಿ ಹೋದ ಮೇಲೆ ಬಸ್ಸು ಆಚೆಯೇ ತಿರುಗಿಕೊಳ್ಳುತ್ತದೆ. ಕೂಸನ್ನಾದರೆ ಎದೆಗವಚಿಕೊಂಡು ಹಳ್ಳ ದಾಟಿದೆವು. ನೋವು ತಿನ್ನುವ ಬಸುರಿಯನ್ನು ಬಂಡಿಯಲ್ಲಿ ಆ ತಗ್ಗುದಿಣ್ಣೆ ದಾಟಿಸಲು ನನಗೆ ಧೈರ್ಯವಿಲ್ಲ. ಅಂದರೆ ಹೊಸಲು ದಾಟಿದರೆ ಅವಳಿಗಿರುವುದು ನಿಮ್ಮ ಹಸಿರು ಕೋಣೆಯೊಂದೇ. ಮಗಳ ಮುಖ ನೋಡಿದರೆ ನನಗೆ ಹೆದರಿಕೆಯಾಗುತ್ತದೆ. ಬರೆಯಲು ನಾಚಿಕೆಯೇನೂ ಇಲ್ಲ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಆ ಕೋಣೆಯ ಬಣ್ಣವನ್ನೂ ಸಿಮೆಂಟನ್ನೂ ಕೆತ್ತಿಸಿ, ಫರಸಿ ಎಬ್ಬಿಸಿ, ಬೇಸಿಗೆ ಪೂರ್ತಿ ಗಾಳಿಗೆ ಬಿಡಿರಿ. ಬಂಗಲೆಗೆ ಮಾಡಿಸಿದಿರಲ್ಲ, ಹಾಗೆಯೇ, ಒಂದು ಕೂದಲೂ ಹೆಚ್ಚು ಬೇಡ. ಅದು ಒಣಗುವವರೆಗೆ ಊರ ಹೆರಿಗೆಗಳೆಲ್ಲ ಬಂಗಲೆಯಲ್ಲಿ ಆಗಲಿ, ಬೀಗದ ಕೈಯನ್ನು ನರ್ಸ್ ಬಾಯಿಯ ಕೈಗೆ ಕೊಡಿಸಿರಿ. ವಾಚಮನ್ ಒಳ್ಳೆಯವನು, ಹುಕುಂ ಬಂದರೆ ಸಾಕು ಅನ್ನುತ್ತಾನೆ. ಬರದಿದ್ದರೆ ನೋವು ಶುರುವಾದ ಕೂಡಲೇ ಬಂಡಿ ಕಟ್ಟಿಸಿ ಪಕ್ಕೀರವ್ವನನ್ನು ಬಂಗಲೆಯ ಪಡಸಾಲೆಗೇ ತರುತ್ತೇನೆ. ಮಾರೆವ್ವ ಸುತ್ತ ಸೀರೆ ಕಟ್ಟಿ ಮರೆ ಮಾಡುತ್ತಾಳೆ. ಆಮೇಲೆ ಪೊಲೀಸರನ್ನು ಕಳಿಸುವುದಿದ್ದರೆ ಕಳಿಸಿರಿ.

ನಮ್ಮಲ್ಲಿ ಬಸುರಿಯ ಬಯಕೆ ಕೇಳಿ ತೀರಿಸುವುದು ಪದ್ಧತಿ. ಮಗಳು ಬಂದ ಮೊದಲ ದಿನ ಕೇಳಿದೆ, ಏನು ಬೇಕವ್ವಾ, ಹೋಳಿಗೆ ಮಾಡಿಸಲೇ, ಕೊಪ್ಪಳದಿಂದ ಏನಾದರೂ ತರಲೇ ಎಂದು. ಅವಳು ಅಣ್ಣನ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಅದು ಕೆಮ್ಮಿ ಕೆಮ್ಮಿ ಆಗಷ್ಟೇ ಕಣ್ಣು ಮುಚ್ಚಿತ್ತು.

"ಏನೂ ಬ್ಯಾಡಪ್ಪ. ನನ್ನ ಕೂಸನ್ನ ಹಾಕಾಕ ಒಣಾ ಜಾಗಾ ಒಂದು ನೋಡು" ಅಂದಳು.

ಇಂತಿ,
ಮಗಳು ಕೇಳಿದ ಒಂದೇ ಒಂದು ಬಯಕೆಯನ್ನು ತೀರಿಸಲು ನಿಮ್ಮ ಹುಕುಮಿಗೆ ಕಾಯಬೇಕಾಗಿ ಬಂದ ತಂದೆ,
ಓಬಳೆಪ್ಪ, ನಿವೃತ್ತ ಕಂಡಕ್ಟರ್