ಬೈಸಿಕೊಂಡಾಗಿನ ನಗು

ವೇಮಗಲ್

ಜರ್ಮನಿಯಿಂದ ಬಂದಿರುವ ಮ್ಯಾನೇಜರ್ ಸಾಹೇಬರಿಗೆ,

ನಿನ್ನೆ ಪೆಟ್ಟಿಗೆಗೆ ತಪ್ಪು ಲೇಬಲ್ ಅಂಟಿಸಿದ್ದಕ್ಕೆ ನೀವು ಎಲ್ಲರೆದುರು ಬೈದಿರಿ. ನಾನು ನಕ್ಕೆ. ಅದು ಉಡಾಫೆ, ಕ್ಷಮಾಪಣೆ ಬರೆದುಕೊಡು ಎಂದು ನೋಟಿಸ್ ಕೊಟ್ಟಿದ್ದೀರಿ.

ಲೇಬಲ್ಲಿನ ತಪ್ಪು ನನ್ನದು, ಒಪ್ಪುತ್ತೇನೆ. ನಗುವಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ದೊಡ್ಡವರು ಬೈದಾಗ ನಮ್ಮ ಕಡೆ ತಲೆ ತಗ್ಗಿಸಿ ನಗುತ್ತೇವೆ, ಅದು ನಾಚಿಕೆ. "ನಗ್ತಾವ್ಳೆ, ಬುದ್ಧಿ ಬಂತು ಬಿಡು" ಎಂದು ನಮ್ಮಜ್ಜಿ ಅಲ್ಲಿಗೇ ಬೈಗುಳ ನಿಲ್ಲಿಸುತ್ತಿದ್ದಳು.

ಇದನ್ನು ಸೂಪರ್‌ವೈಸರ್ ಭೀಮರಾಜಣ್ಣ ನಿಮಗೆ ಇಂಗ್ಲಿಷಿನಲ್ಲಿ ಓದಿ ಹೇಳಲಿ, ಒಂದು ಮಾತನ್ನೂ ಮೆತ್ತಗೆ ಮಾಡದೆ.

ನಗಬೇಡ ಎಂದರೆ ನಗುವುದಿಲ್ಲ. ಆದರೆ ಬೈಸಿಕೊಂಡೂ ನಗದೆ ನೆಟ್ಟಗೆ ನೋಡುವವಳು ನಮ್ಮಲ್ಲಿ ಜಗಳಕ್ಕೆ ನಿಂತವಳು. ಯಾವ ಮುಖ ಬೇಕೋ ನೀವೇ ಹೇಳಿ.

ಇಂತಿ,
ನಾಳೆ ಫಸ್ಟ್ ಶಿಫ್ಟಿಗೆ ಬರುವ
ಗಂಗಾಲಕ್ಷ್ಮಿ, ಪ್ಯಾಕಿಂಗ್ ವಿಭಾಗ