ತೂತಿಲ್ಲದ ಲೋಟ

ಅವ್ವಾ,

ಇವತ್ತು ನ್ಸೋನಾ ಚಿಕ್ಕಮ್ಮನ ಜೊತೆ ನಿನ್ನ ಗೋರಿಗೆ ಹೋಗಿದ್ದೆ. ಮಣ್ಣು ಮಾಡಿದ ದಿನ ನಾನಿಟ್ಟ ನಿನ್ನ ನೀಲಿ ಲೋಟ ಹಾಗೇ ಇತ್ತು. ಮಟಾಡಿ ಸಂತೆಯಲ್ಲಿ ನೀನೇ ಆರಿಸಿ ತಂದದ್ದು. ದಿನಾ ಬೆಳಿಗ್ಗೆ ಅದನ್ನೆತ್ತುವಾಗ ನಿನ್ನ ಬಳೆ ತಾಗಿ ಟಿಣ್ಣೆನ್ನುತ್ತಿತ್ತು. ಗೋರಿಗಿಡುವ ಎಲ್ಲ ಪಾತ್ರೆಗಳಂತೆ ಅದಕ್ಕೂ ತೂತು ಹೊಡೆಯಲು ಅವತ್ತು ನನಗೆ ಕೈ ಬರಲಿಲ್ಲ.

ಚಿಕ್ಕಮ್ಮ ಲೋಟದ ತಳ ತಿರುಗಿಸಿ ನೋಡಿ ಸಿಡುಕಿದಳು: “ಅಯ್ಯೋ ಪೆದ್ದೀ, ಇಲ್ಲಿ ಒಡೆದಿದ್ರೇನೇ ಅದು ನೀರಾಚೆ ಊರಿಗೆ ಹೋಗಿ ಸೇರೋದು. ಎರಡು ವರ್ಷದಿಂದ ನಮ್ಮಕ್ಕ ಅಲ್ಲಿ ಯಾರ ಮನೆ ಲೋಟ ಕೇಳಿ ಕುಡೀತಿದ್ದಾಳೋ! ಸತ್ತೋರ ಮುಂದೆ ನಮ್ಮ ಮಾನ ಕಳೆದೆ ಕಣೇ.”

ನಾನು ನಕ್ಕೆ. ಆಮೇಲೆ ನಗು ನಿಂತಿತು. ಕೊನೆಯ ದಿನ ನೀನು ಈ ಲೋಟದಲ್ಲೇ ನೀರು ಕೇಳಿದ್ದೆ. “ಮರಗೆಣಸಿನ ಸೊಪ್ಪು ಕುಟ್ಟಿ ಮುಗಿಸಿ ಬಂದೆ, ಇರವ್ವಾ” ಎಂದಿದ್ದೆ ನಾನು. ನೀರು ತರುವಷ್ಟರಲ್ಲಿ ನೀನಿರಲಿಲ್ಲ.

ತಳಕ್ಕೆ ಮೊಳೆಯಿಟ್ಟು ಕಲ್ಲಿನಿಂದ ತೂತು ಹೊಡೆದೆ. ಚಿಕ್ಕಮ್ಮ ತಾಳೆಹೆಂಡ ಎರೆಯಲು ಬಂದಳು. ಅವಳನ್ನು ತಡೆದು, ಹೊಳೆಯಿಂದ ಕೊಡದಲ್ಲಿ ತಂದಿದ್ದ ನೀರನ್ನೇ ಮೊದಲು ಸುರಿದೆ. ಅದು ಲೋಟದಲ್ಲಿ ನಿಲ್ಲದೆ ಮಣ್ಣಿಗಿಳಿಯಿತು.

“ಸಾಕು ಬಿಡೇ, ಕುಡಿದಳು” ಎಂದಳು ಚಿಕ್ಕಮ್ಮ.

ಕೊಡ ಬರಿದಾಗುವವರೆಗೂ ನಾನು ಸುರಿಯುತ್ತಲೇ ಇದ್ದೆ.