ಲಿಂಕ್ ಇಲ್ಲದ ಸುದ್ದಿ, ಲೆಕ್ಕಕ್ಕಿಲ್ಲದ ಏಳು ಜನ

ಮಾನ್ಯ ಕುಲಸಚಿವರೇ,

ನಿಮ್ಮ ಪ್ರಬಂಧ ಪರಿಶೀಲನಾ ವಿಭಾಗ ನನ್ನ ತಂಗಿಯ ಮಗಳ ಪಿಎಚ್.ಡಿ. ಪ್ರಬಂಧವನ್ನು ಮೂರನೆಯ ಸಲ ಹಿಂದಿರುಗಿಸಿದೆ. ಒಂದು ಹಳೆಯ ಪತ್ರಿಕಾ ವರದಿಯ ಉಲ್ಲೇಖ ನಿಮ್ಮ ನಮೂನೆಗೆ ಹೊಂದುವುದಿಲ್ಲವಂತೆ. ವಾಕರಿಕೆ ಬರುತ್ತದೆ ಎಂದು ಬರೆದರೆ ಶಿಷ್ಟಾಚಾರಕ್ಕೆ ಧಕ್ಕೆಯಾದೀತು, ಆದರೂ ಬರೆದಿದ್ದೇನೆ.

ನಲವತ್ತೊಂದು ವರ್ಷದ ಹಿಂದೆ ನಮ್ಮೂರ ನೂಲಿನ ಗಿರಣಿಯಲ್ಲಿ ಬಾಯ್ಲರ್ ಸಿಡಿಯಿತು. ಸತ್ತವರು ನಾಲ್ವರು ಎಂದಿತು ಗಿರಣಿ. ಹಾಜರಿ ಪುಸ್ತಕದಲ್ಲಿಲ್ಲದ ಇನ್ನೂ ಏಳು ದಿನಗೂಲಿ ಹೆಂಗಸರ ಹೆಸರು ಅಚ್ಚಾದದ್ದು ಒಂದೇ ಪತ್ರಿಕೆಯಲ್ಲಿ, ಮೂರನೆಯ ಪುಟದಲ್ಲಿ, ವರದಿಗಾರನ ಹೆಸರಿಲ್ಲದೆ. ಆ ಪತ್ರಿಕೆ ಮುಚ್ಚಿ ಎಷ್ಟೋ ಕಾಲವಾಯಿತು. ನಮ್ಮ ಹುಡುಗಿಯ ಪ್ರಬಂಧ ನಿಂತಿರುವುದೇ ಆ ಏಳು ಹೆಸರುಗಳ ಮೇಲೆ.

ಮೊದಲ ಸಲ ಲೇಖಕರ ಹೆಸರಿನ ಜಾಗ ಖಾಲಿ ಎಂದು ವಾಪಸು. ಏನಾದರೂ ತುಂಬಲೇಬೇಕೆಂದು ಅಪ್ಪಣೆಯಾದಾಗ ಪಾಪ, ಸಂಪಾದಕರ ಹೆಸರು ಹಾಕಿದಳು. ಸಂಪಾದಕರು ಲೇಖಕರಲ್ಲ ಎಂದು ಮತ್ತೆ ವಾಪಸು. ಹೆಸರಿಲ್ಲದ ಸುದ್ದಿಯ ಉಲ್ಲೇಖ ಶೀರ್ಷಿಕೆಯಿಂದಲೇ ಶುರುವಾಗಬೇಕು, ಆಮೇಲೆ ಪತ್ರಿಕೆ, ತಾರೀಖು, ಪುಟ ಎಂದು ನಿಮ್ಮದೇ ಕೈಪಿಡಿ ಹೇಳುತ್ತದೆ. ಅದನ್ನು ಓದಿದವರು ನಿಮ್ಮ ಕಟ್ಟಡದಲ್ಲಿ ಒಬ್ಬರಾದರೂ ಇದ್ದಾರೆಯೇ? ಅವಳು ಓದಿದಳು, ಹಾಗೆಯೇ ಬರೆದಳು. ಈಗ ಅಂತರ್ಜಾಲದ ಲಿಂಕ್ ಇಲ್ಲ ಎಂಬ ತಕರಾರು. ಈ ಸಲ ನಾನೂ ಜೊತೆಗೆ ಹೋಗಿದ್ದೆ. ವಿಭಾಗದ ಮುಖ್ಯಸ್ಥರು ಕಂಪ್ಯೂಟರಿನಿಂದ ಕಣ್ಣೆತ್ತದೆ ಹೇಳಿದರು: “ಲಿಂಕ್ ಹಾಕ್ದೆ ಇದ್ರೆ ಇದು ಮುಂದಕ್ಕೆ ಹೋಗಲ್ಲಮ್ಮ. ಆ ಸುದ್ದಿ ತೆಗೆದುಬಿಡು, ನಾಲ್ಕು ಜನ ಅಂತಾನೇ ಇರ್ಲಿ. ಯಾರು ಕೇಳ್ತಾರೆ?”

“ಅವರ ಮಕ್ಕಳು ಕೇಳ್ತಾರೆ ಸರ್. ಮೂರು ಜನ ನನ್ನ ಹತ್ರ ಮಾತಾಡಿದಾರೆ” ಎಂದಳು ನಮ್ಮ ಹುಡುಗಿ.

“ಹಾಗಾದ್ರೆ ಆ ಮಕ್ಕಳದ್ದೇ ಒಂದು ಲಿಂಕ್ ಹಾಕು.”

ಪಕ್ಕದ ಮೇಜಿನವರು ನಕ್ಕರು.

ಹೋದ ವರ್ಷ ನೀವು ಪದವಿ ಕೊಟ್ಟ ಪ್ರಬಂಧವೊಂದನ್ನು ಆಮೇಲೆ ಗ್ರಂಥಾಲಯದ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಅಲ್ಪವಿರಾಮಗಳೆಲ್ಲ ಕವಾಯತಿಗೆ ನಿಂತಂತಿವೆ. ಅದರಲ್ಲಿ ಉಲ್ಲೇಖಿಸಿದ ಒಂದು ಸುದ್ದಿಯ ಲಿಂಕ್ ಒತ್ತಿದರೆ ಮಾತ್ರ ಕುಕ್ಕರ್ ಜಾಹೀರಾತು ತೆರೆದುಕೊಳ್ಳುತ್ತದೆ. ಅದಕ್ಕೆ ನಿಮ್ಮ ಮೊಹರು ಬಿದ್ದಿದೆ. ಉಲ್ಲೇಖ ಇರುವುದು ಓದುಗ ಮೂಲವನ್ನು ಹುಡುಕಿ ನೋಡಲೆಂದೋ, ನಿಮ್ಮ ನಮೂನೆಯ ಹೊಟ್ಟೆ ತುಂಬಲೆಂದೋ? ಹಾಜರಿ ಪುಸ್ತಕದಲ್ಲಿಲ್ಲ ಎಂದು ಗಿರಣಿ ಆ ಹೆಂಗಸರನ್ನು ಕೈಬಿಟ್ಟಿತು. ನಮೂನೆಗೆ ಹೊಂದುವುದಿಲ್ಲ ಎಂದು ನೀವು ಕೈಬಿಡಿಸುತ್ತಿದ್ದೀರಿ. ಗಿರಣಿಗೆ ಹಣದಾಸೆಯಾದರೂ ಇತ್ತು. ನಿಮಗೆ?

ಸಲ್ಲಿಕೆಗೆ ಇನ್ನು ಒಂಬತ್ತು ದಿನ ಉಳಿದಿದೆ. ಪತ್ರಾಗಾರದಿಂದ ತಂದ ಆ ಸುದ್ದಿಯ ಪುಟದ ದೃಢೀಕೃತ ಪ್ರತಿ ನಿಮ್ಮ ಮೇಜಿನ ಮೇಲಿದೆ. ಉಲ್ಲೇಖವನ್ನು ಇದ್ದಂತೆಯೇ ಒಪ್ಪಿಕೊಳ್ಳಿ. ಇಲ್ಲವೇ, ಈ ಏಳು ಹೆಸರುಗಳನ್ನು ತೆಗೆಯತಕ್ಕದ್ದು ಎಂದು ಒಂದೊಂದು ಹೆಸರನ್ನೂ ನಿಮ್ಮ ಕೈಯಾರೆ ಬರೆದು, ಕೆಳಗೆ ಸಹಿ ಹಾಕಿ ಕೊಡಿ. ಬಾಯಿಮಾತು ಬೇಡ.

ಇಂತಿ,
ನಿಮ್ಮಲ್ಲೇ ಪದವಿ ಪಡೆದು, ಅದನ್ನು ಗೋಡೆಗೂ ನೇತುಹಾಕಿಕೊಂಡ ತಪ್ಪಿತಸ್ಥ